ಕೆಳಗಿನ ಚಿತ್ರ ನೋಡಿ

ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಉಚಿತ ತಂತ್ರಾಂಶಕ್ಕೆ ಕೈಪಿಡಿ ಬರೆಯಲು ನಾನು ಒಪ್ಪಿಕೊಂಡದ್ದು ಒಬ್ಬರೇ ಒಬ್ಬರಿಗಾಗಿ. ಅವರು ಇಂಗ್ಲೆಂಡಿನ ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿರುವ, ಧಾರವಾಡ ಕಡೆಯ ನಿವೃತ್ತ ಡಾಕ್ಟರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಎರಡು ವರ್ಷದಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಊರಿನಿಂದ ಅವರ ಅಕ್ಕ ವಾರಕ್ಕೊಂದು ಉದ್ದನೆಯ ಈಮೇಲನ್ನು ಕನ್ನಡದಲ್ಲಿ ಬರೆಯುತ್ತಾರೆ. ಇಲ್ಲೇ ಹುಟ್ಟಿದ ಕಾಕಾನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವಳು ಅದನ್ನು ನನಗೆ ಕಳಿಸುತ್ತಿದ್ದಳು, ನಾನು ಭಾನುವಾರ ಲೀಡ್ಸಿನಿಂದ ಫೋನಿನಲ್ಲಿ ಓದುತ್ತಿದ್ದೆ. ಮನೆಯೊಳಗಿನ ಮಾತು ಬಂದರೆ ಕಾಕಾ, "ಅಷ್ಟು ಬಿಡವಾ, ಮುಂದ ಓದು" ಎನ್ನುತ್ತಿದ್ದರು. ಬಿಟ್ಟ ಸಾಲುಗಳನ್ನು ನಾನು ಆಗಲೇ ಮನಸ್ಸಿನಲ್ಲಿ ಓದಿಬಿಟ್ಟಿರುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ಅಕ್ಕನ ಮಾತನ್ನು ತಾವೊಬ್ಬರೇ ಕೇಳಬೇಕು ಎಂಬುದಷ್ಟೇ ಅವರ ಆಸೆ.

ತಂತ್ರಾಂಶ ಕಟ್ಟಿದವರಲ್ಲಿ ಒಬ್ಬ ಕೊವೆಂಟ್ರಿಯಲ್ಲಿರುವ ಮೈಸೂರಿನ ಇಂಜಿನಿಯರ್. ನಾನು ಬರೆದದ್ದು ಆತ ನೋಡಿ ಒಪ್ಪಿದ ಮೇಲೆಯೇ ಕೈಪಿಡಿಗೆ ಸೇರಬೇಕು. ಒಂದು ಪುಟ ಕಳಿಸಿದರೆ ಹತ್ತು ದಿನ ಸದ್ದಿಲ್ಲ. ಹನ್ನೊಂದನೆಯ ದಿನ ಒಟ್ಟಿಗೆ ಹದಿನೇಳು ಟಿಪ್ಪಣಿ. ಅವಕ್ಕೆಲ್ಲ ಉತ್ತರ ಬರೆದು ಮುಗಿಸುವಷ್ಟರಲ್ಲಿ ನಾನು ವಿವರಿಸಿದ ಗುಂಡಿಯೇ ಪರದೆಯ ಮೇಲೆ ಜಾಗ ಬದಲಿಸಿರುತ್ತಿತ್ತು.

"ಅದು ಹೋದ ವಾರಾನೇ ಬದಲಾಯ್ತಲ್ಲ ಮೇಡಂ."

"ಯಾರಿಗೆ ಹೇಳಿದ್ರಿ?"

"ಕೋಡ್‌ನಲ್ಲಿ ಇದೆಯಲ್ಲ ಮೇಡಂ."

ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು. ಆತನೇ ಬರೆದಿಟ್ಟಿದ್ದ ಮೊದಲನೆಯ ಸಾಲು ಹೀಗಿತ್ತು: "ತಂತ್ರಾಂಶವನ್ನು ಎಂದಿನಂತೆ ಇನ್‌ಸ್ಟಾಲ್ ಮಾಡಿಕೊಳ್ಳಿ." ಎಂದಿನಂತೆಯಂತೆ! ಯಾರ ಮನೆಯ ಎಂದಿನಂತೆ?

ಎಲ್ಲಕ್ಕಿಂತ ದೊಡ್ಡ ಜಗಳ ಚಿತ್ರಗಳದ್ದು. ನಾನು ಲೀಡ್ಸಿನ ಹೆಡಿಂಗ್ಲೀಯಲ್ಲಿ ಡಾಕ್ಟರೊಬ್ಬರ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವವಳು. ಫಾರಂ ಕೊಟ್ಟರೆ ಯಾರೂ ಓದುವುದಿಲ್ಲ, ಬೆರಳಿಟ್ಟು ತೋರಿಸಬೇಕು ಎಂಬುದು ಆ ಕುರ್ಚಿ ನನಗೆ ಕಲಿಸಿದ ವಿದ್ಯೆ. ಪ್ರತಿ ಹೆಜ್ಜೆಗೂ ಪರದೆಯ ಚಿತ್ರ ಬೇಕು, ಅದರ ಮೇಲೆ ಕೆಂಪು ಬಾಣ ಬೇಕು ಎಂದು ಹಟ ಹಿಡಿದೆ.

"ಚಿತ್ರ ಎಲ್ಲಾ ಯಾಕೆ ಮೇಡಂ? ಬರೆದಿದ್ದು ಸಾಲ್ದಾ?"

"ನಿಮಗೆ ಸೋಮಾರಿತನ ಅಂತ ಹೇಳಿ, ಒಪ್ಕೋತೀನಿ."

ಪಾಪ, ಆತ ಒಂದು ವಾರ ಕೂತು ನಲವತ್ತು ಚಿತ್ರಗಳಿಗೆ ಬಾಣ ಹಾಕಿದ. ಮೂರು ತಿಂಗಳಲ್ಲಿ ನಾನು ಪೂರ್ತಿ ಗೆದ್ದದ್ದು ಅದೊಂದೇ ಜಗಳ. ಗೆದ್ದು ಬೀಗಿದ್ದೂ ಉಂಟು.

ಕೈಪಿಡಿ ಮುಗಿದ ಶನಿವಾರ ರೈಲು ಹತ್ತಿ ಶೆಫೀಲ್ಡಿಗೆ ಹೋದೆ. ಕಾಕಾ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದರು. ಇಂಗ್ಲಿಷ್ ಓದುವ ದನಿ ಅದರಲ್ಲಿ ಮೊದಲೇ ಇತ್ತು, ಕೀಬೋರ್ಡಿನ ಕೀಲಿಗಳು ಅವರ ಬೆರಳಿಗೆ ಪಾಠವಾಗಿದ್ದವು.

"ನೀ ಬರದದ್ದು ಬರದಂಗ ಓದು. ಕೈ ಹಚ್ಚಬ್ಯಾಡ. ನಾನ ಮಾಡ್ತೀನಿ."

ಮೊದಲ ಹೆಜ್ಜೆ ಓದಿದೆ, ಮಾಡಿದರು. ಎರಡನೆಯದನ್ನು ಓದಿದೆ: "ಕೆಳಗಿನ ಚಿತ್ರ ನೋಡಿ, ಕೆಂಪು ಬಾಣ ತೋರಿಸುವ ಗುಂಡಿಯನ್ನು ಒತ್ತಿ."

ಕಾಕಾ ಬೆರಳಿಟ್ಟುಕೊಂಡು ಕಾದರು. "ಹೂಂ, ಯಾವ ಗುಂಡಿ?"

ಮುಂದಿನ ಸಾಲು ನೋಡಿದೆ. "ಈಗ ಪರದೆ ಎರಡನೆಯ ಚಿತ್ರದಲ್ಲಿರುವಂತೆ ಕಾಣುತ್ತದೆ." ಅದರ ಮುಂದಿನದೂ ಅಂಥದ್ದೇ. ಕಣ್ಣಿಲ್ಲದವರ ಕೈಪಿಡಿಯಲ್ಲಿ ನಲವತ್ತು ಚಿತ್ರ ತುಂಬಿಸಿದವಳು ನಾನು, ಅದೂ ಜಗಳವಾಡಿ. ಅಷ್ಟೂ ದಿನ ಕೊವೆಂಟ್ರಿಯ ಕಡೆ ಹಾಕಿದ ಶಾಪವೆಲ್ಲ ತಿರುಗಿ ನನ್ನ ಮಡಿಲಿಗೇ ಬಿತ್ತು.

"ಯಾಕವಾ, ಸುಮ್ಮನಾದಿ?"

"ತಪ್ಪು ಬರದೀನಿ ಕಾಕಾ. ಬರೇ ಚಿತ್ರಾನ ಹಾಕೀನಿ."

ಅವರು ನಕ್ಕುಬಿಟ್ಟರು. "ನಾನೂ ರೋಗಿಗಳ ಮುಂದ ಎಕ್ಸ್‌ರೇ ಹಿಡದು 'ಇಲ್ಲೆ ನೋಡ್ರಿ' ಅಂತಿದ್ದೆ. ಅವರಿಗೇನ್ ತಿಳೀತಿತ್ತು? ತಗೋ, ಪೆನ್ನು ತಗೋ."

ಆ ಮಧ್ಯಾಹ್ನವೆಲ್ಲ ಅವರು ತಡಕಿ ತಡಕಿ ದಾರಿ ಹುಡುಕಿದರು, ಯಾವ ಕೀಲಿಯನ್ನು ಎಷ್ಟು ಸಲ ಒತ್ತಿದರೆಂದು ನಾನು ಬರೆದುಕೊಂಡೆ. ಅರ್ಧಕ್ಕೆ ಬಂದಾಗ ಕೀಲಿಯಿಂದ ತಲುಪಲಾಗದ ಒಂದು ಗುಂಡಿ ಸಿಕ್ಕಿತು. ಮೌಸ್ ಇಲ್ಲದೆ ಅದನ್ನು ಒತ್ತುವಂತಿರಲಿಲ್ಲ. ಅದು ಕೊವೆಂಟ್ರಿಯ ಪಾಲಿನ ತಪ್ಪು ಎಂದು ನನಗೆ ತುಸು ಸಮಾಧಾನವಾಯಿತು.

ಸೋಮವಾರ ಚಿತ್ರಗಳನ್ನೆಲ್ಲ ಕಿತ್ತುಹಾಕಿ, ಆ ಜಾಗದಲ್ಲಿ ಒತ್ತಬೇಕಾದ ಕೀಲಿಗಳನ್ನು ಬರೆದು ಕಳಿಸಿದೆ. ಮೊಟ್ಟಮೊದಲ ಬಾರಿಗೆ ಒಂದೇ ಗಂಟೆಯಲ್ಲಿ ಉತ್ತರ ಬಂತು. "ಮೇಡಂ, ಬಾಣ ಎಲ್ಲಾ ಎಲ್ಲಿ ಹೋದ್ವು? ಒಂದು ವಾರ ಕೂತಿದ್ನಲ್ಲ!"

ಫೋನ್ ಮಾಡಿ ನಡೆದದ್ದು ಹೇಳಿದೆ. "ನನಗೂ ಹೊಳೀಲಿಲ್ಲ ಮೇಡಂ" ಎಂದ. ಕೀಲಿಗೆ ಸಿಗದಿದ್ದ ಆ ಗುಂಡಿಯನ್ನು ಎರಡು ದಿನದಲ್ಲಿ ಸರಿಮಾಡಿದ. ಮೂರನೆಯ ದಿನ ಹೊಸ ಪುಟಗಳಿಗೆ ಒಂಬತ್ತು ಟಿಪ್ಪಣಿ ಬಂದವು. ಹಲ್ಲು ಕಚ್ಚಿಕೊಂಡು ಉತ್ತರ ಬರೆದೆ.

ಎರಡು ವಾರದ ಮೇಲೆ ಮತ್ತೆ ಬ್ರೂಮ್‌ಹಿಲ್. ನಾನು ಓದಿದೆ, ಕಾಕಾ ಒತ್ತಿದರು, ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಯಂತ್ರ ಏರಿಳಿತವಿಲ್ಲದ ದನಿಯಲ್ಲಿ ಅಕ್ಕನ ಪತ್ರ ಶುರುಮಾಡಿತು. "ಪ್ರೀತಿಯ ತಮ್ಮಗ" ಎನ್ನುತ್ತಿದ್ದಂತೆ ಕಾಕಾ ಅದನ್ನು ನಿಲ್ಲಿಸಿದರು.

"ಅಡಗಿ ಮನ್ಯಾಗ ಚಾ ಮಾಡ್ಕೊಂಡು ಕುಡಿಯವಾ. ಹೋಗೂಮುಂದ ಬಾಗಲಾ ಮುಂದ ಮಾಡು."

ಬಾಗಿಲು ಎಳೆದುಕೊಂಡು ಹೋದೆ. ಚಹಾ ಕುದಿಯುವಾಗ ಆ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಡುವೆ ಒಮ್ಮೆ ಕಾಕಾ ಗಟ್ಟಿಯಾಗಿ ನಕ್ಕರು. ಯಾವ ಸಾಲಿಗೆಂದು ನನಗೆ ಗೊತ್ತಾಗಲಿಲ್ಲ.