ಮರದಲ್ಲಿ ಕಾಲುವೆ ತೋಡುವ ಮಷೀನು

ತೊಳೆದ ಪಾತ್ರೆಗಳನ್ನು ಬೋರಲು ಹಾಕಲು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೊಂದು ತೇಗದ ಹಲಗೆಯಿದೆ. ಪಾತ್ರೆಯ ನೀರೆಲ್ಲ ಅದರ ಮೇಲೆ ನಿಂತು, ಅಂಚು ಮೀರಿ, ನೆಲಕ್ಕಿಳಿದು, ಒಂದು ದಿನ ನನ್ನ ಕಾಲನ್ನೇ ಜಾರಿಸಿತು. ಸೊಂಟ ಉಳಿಯಿತು, ತಾಳ್ಮೆ ಉಳಿಯಲಿಲ್ಲ. ಹಲಗೆಯಲ್ಲಿ ನಾಲ್ಕು ಸಣ್ಣ ಕಾಲುವೆ ತೋಡಿದರೆ ನೀರು ತಾನಾಗಿ ಬಚ್ಚಲಿಗೆ ಹೋಗುತ್ತದೆ. ಕಂಪ್ಲಿಯ ಗದ್ದೆಯ ಬದುವಿನ ಮೇಲೆ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿ ಹಿಡಿದರೆ ಮಣಿಕಟ್ಟು ನೋಯುತ್ತದೆ. ಅದಕ್ಕೊಂದು ಮಷೀನಿದೆ, ರೂಟರ್ ಎನ್ನುತ್ತಾರೆಂದು ಫೋನಿನಲ್ಲಿ ನೋಡಿ ತಿಳಿದೆ. ಅಕ್ಕಿ ಗಿರಣಿ ನಡೆಸುವ ಅಳಿಯ ಮಲ್ಲೇಶಪ್ಪನ ಕಾರು ಹತ್ತಿ ಹೊಸಪೇಟೆಗೆ ಹೋದೆ.

ಹೆಸರಿಡುವವರಿಗೆ ಒಂದಿಷ್ಟಾದರೂ ಬುದ್ಧಿ ಬೇಡವೇ, ನೀವೇ ಹೇಳಿ. ರೂಟರ್ ಕೇಳಿದರೆ ಅಂಗಡಿಯವನು, "ವೈಫೈ ಸಾಮಾನು ಬಾಜೂ ಅಂಗಡ್ಯಾಗ ಸಿಗತೈತಿ, ಅಮ್ಮಾ" ಎಂದ.

"ಟ್ರಿಮ್ಮರ್ ಅನ್ರಿ ಅತ್ತಿ, ಬಡಿಗೇರು ಹಂಗ ಅಂತಾರ," ಎಂದು ಅಳಿಯ ಪಿಸುಗುಟ್ಟಿದ.

ಅಂದೆ. ಅಂಗಡಿಯವನು ಅಳಿಯನ ಗಡ್ಡ ನೋಡಿ ನಕ್ಕ.

"ಗಡ್ಡಕ್ಕಲ್ಲೋ ಮಾರಾಯ! ಮರದಾಗ ಕಾಲುವಿ ತೋಡೋ ಮಷೀನು!"

ಕನ್ನಡದಲ್ಲಿ ಬೈದಂತೆ ಹೇಳಿದ ಮೇಲೆ ತಿಳಿಯಿತು. ತಿಳಿದದ್ದೇ ತಡ, ಅವನು ನನಗೆ ಬೆನ್ನು ತಿರುಗಿಸಿ ಅಳಿಯನ ಮುಂದೆ ಎರಡು ಹಿಡಿಯ ದೊಡ್ಡದೊಂದು ಮಷೀನು ತಂದಿಟ್ಟ. "ಸರ್, ಇದ ತೊಗೊಳ್ರಿ. ಭಾಳ ಪವರ್ ಐತಿ. ಬಾಗ್ಲಾ ಚೌಕಟ್ಟು ಎಲ್ಲಾ ಮಾಡಬೌದು." ಜೀವನದಲ್ಲಿ ಒಂದು ಮೊಳೆಯನ್ನೂ ಹೊಡೆಯದ ನನ್ನ ಅಳಿಯ ಬಹಳ ತಿಳಿದವನಂತೆ ತಲೆಯಾಡಿಸಿದ.

ನಾನು ಎತ್ತಿ ನೋಡಿದೆ. ತುಂಬಿದ ಕೊಡದ ಭಾರ. ಯಾವಾಗಲೋ ಒಮ್ಮೆ ಒಂದು ಹಲಗೆ, ಒಂದು ಮಣೆ ಮಾಡಿಕೊಳ್ಳುವವರಿಗೆ ಅಷ್ಟು ಶಕ್ತಿ ಏತಕ್ಕೆ? ಸೇರು ಜೋಳ ಬೀಸಿಸಿಕೊಂಡು ಬರಲು ಯಾರಾದರೂ ಸಂಡೂರಿನ ಅದಿರು ಲಾರಿ ಹತ್ತುತ್ತಾರೆಯೇ? ನಮ್ಮ ಜನರಿಗೆ ದೊಡ್ಡದನ್ನು ಕಂಡರೆ ಏನೋ ಭಕ್ತಿ. ಕೈಗೆ ಒಗ್ಗುತ್ತದೋ ಇಲ್ಲವೋ ಎಂದು ಕೇಳುವವರೇ ಇಲ್ಲ. ಅದರಲ್ಲೂ ಆ ಕೈಯಲ್ಲಿ ಬಳೆಯಿದ್ದರೆ ಕೇಳುವುದೇ ಬೇಡ. ಕೈಗೆ ಮೀರಿದ್ದು ತಿರುಗುವಾಗ ಒಂದು ಸಲ ಜಿಗಿದರೆ ಹಲಗೆಯ ಜೊತೆ ಬೆರಳೂ ಹೋಗುತ್ತದೆ. ಹೋಗುವುದು ನನ್ನ ಬೆರಳು, ಅವನದಲ್ಲ.

"ಸಣ್ಣದು ತೋರ್ಸು," ಎಂದೆ.

"ಅದಕ್ಕ ಮರ ಕೊರಿಯೋ ದಪ್ಪ ಬಿಟ್ ಕುಂದ್ರಂಗಿಲ್ರಿ, ಸರ್," ಎಂದ. ಅಳಿಯನಿಗೆ! ಅಳಿಯ ಆಗಲೇ ಹೌದೆನ್ನಲು ಬಾಯಿ ತೆರೆದ.

"ನೀವ್ ಸುಮ್ಕಿರ್ರಿ ಮಲ್ಲೇಶಪ್ಪಾರ. ಏನಪಾ, ಕಾಲುವಿ ಒಂದ ಏಟಿಗೆ ತೋಡತಾರೇನು? ಮ್ಯಾಲಿಂದ ಮ್ಯಾಲ ಸ್ವಲ್ಪ ಸ್ವಲ್ಪ ಕೆರೀತೀನಿ. ಮೂತಿ ದುಂಡಗಿರೋ ಬಿಟ್ ಕೊಡು. ಗೆರಿ ತಪ್ಪದಂಗ ಹಲಗಿ ಅಂಚಿಗೆ ಆನಿಸೋ ಪಟ್ಟಿ ಐತೇನು?"

ಇತ್ತು. ಸಣ್ಣ ಮಷೀನು ನನ್ನ ಮುಷ್ಟಿಯಲ್ಲಿ ಹಿಡಿಸಿತು. ಹಿಡಿ ಸಡಿಲಿಸದೆ ಸ್ವಿಚ್ಚಿಗೆ ಬೆರಳು ತಾಕಿತು. ನನಗೆ ಬೇಕಾದದ್ದು ಅಷ್ಟೇ.

ಇದನ್ನೇ ಕೊಡೆಂದು ಹೇಳಿ, ಕಣ್ಣಿಗೆ ಮರದ ಹೊಟ್ಟು ಹಾರದಂತೆ ದೊಡ್ಡ ಕನ್ನಡಕವನ್ನೂ ಕೇಳಿದೆ. ಅವನು ಅದನ್ನು ತೆಗೆದುಕೊಂಡು ಬಂದು, ನೀವು ನಂಬಬೇಕು, ನನ್ನ ಅಳಿಯನ ಮೂಗಿನ ಮೇಲೆ ಕೂರಿಸಿ ಸರಿಯಾಗಿದೆಯೇ ಎಂದು ನೋಡತೊಡಗಿದ.

ಕಿತ್ತುಕೊಂಡು ನನ್ನ ಕನ್ನಡಕದ ಮೇಲೆಯೇ ಹಾಕಿಕೊಂಡು ಅವನ ಮುಖದ ಹತ್ತಿರ ಹೋಗಿ ನಿಂತೆ.

"ಈಗರ ನಾ ನಿನ್ನ ಕಣ್ಣಿಗೆ ಕಾಣಾಕತ್ತೀನೇನಪಾ?"