ಪೊರೆಗೆ ನಾನಿಟ್ಟ ಮೂರು ಹೆಸರು

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕುಮಟೆಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಸ್ತರ. ಒಂದು ದಿನ ಆಸ್ಪತ್ರೆಯ ಡಾಕ್ಟರು ಶಾಲೆಗೇ ಬಂದು, ಸೂಲಗಿತ್ತಿಯರ ತರಬೇತಿಗೆಂದು ಇಂಗ್ಲಿಷಿನಲ್ಲಿದ್ದ ಒಂದು ಕೈಪಿಡಿಯನ್ನು ನನ್ನ ಮೇಜಿನ ಮೇಲಿಟ್ಟರು. ಕನ್ನಡಕ್ಕೆ ತರಬೇಕು, ಭಾಷೆ ಚೆನ್ನಾಗಿರಬೇಕು ಎಂದರು. ಆ ಕೊನೆಯ ಮಾತು ನನ್ನ ತಲೆಗೇರಿತು.

ಹೊಟ್ಟೆಯಲ್ಲಿ ಮಗುವನ್ನೂ ಅದರ ಸುತ್ತಲಿನ ನೀರನ್ನೂ ಹಿಡಿದಿಡುವ ತೆಳುವಾದ ಪೊರೆಗೆ ಆ ಪುಸ್ತಕದಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಶಬ್ದವಿತ್ತು. ನನಗದು ಬಡತನವೆನಿಸಿತು. ಒಂದೇ ಶಬ್ದವನ್ನು ಮತ್ತೆ ಮತ್ತೆ ಬರೆದ ಪ್ರಬಂಧಕ್ಕೆ ಮಾರ್ಕು ಕಳೆಯುತ್ತಿದ್ದವನು ನಾನು. ಮೊದಲ ಅಧ್ಯಾಯದಲ್ಲಿ ಅದನ್ನು ‘ಪೊರೆ’ ಎಂದೆ. ಹೆರಿಗೆಯ ಅಧ್ಯಾಯದಲ್ಲಿ ‘ನೀರಿನ ಚೀಲ’ ಎಂದೆ. ಕೊನೆಯ ಅಧ್ಯಾಯಕ್ಕೆ ಬರುವಾಗ ಇನ್ನೂ ಗಂಭೀರವಾದದ್ದು ಬೇಕೆನಿಸಿ ‘ಆವರಣ’ ಎಂದು ಬರೆದೆ.

ಬರೆದದ್ದನ್ನು ಹೆಂಡತಿಗೆ ಓದಿ ಹೇಳುತ್ತಿದ್ದೆ. ಎರಡು ಹೆತ್ತವಳು. ಬಂಗಡೆ ಮೀನು ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು:

“ಈ ಆವರಣ ಅಂದ್ರೆ ಎಂತದು?”

“ಅದೇ, ಪೊರೆ.”

“ಹಂಗಾದ್ರೆ ಪೊರೆ ಅಂತ್ಲೇ ಬರೀರಲ. ನೀರಿನ ಚೀಲ ಅಂದ್ರೂ ಆತು. ಯಾವುದಾದ್ರೂ ಒಂದು.”

“ನಿನಗೆ ಇದೆಲ್ಲ ತಿಳಿಯೂದಿಲ್ಲ” ಎಂದೆ. ಅವಳು ಮತ್ತೆ ಮೀನಿಗೆ ಕೈಹಾಕಿದಳು.

ಡಾಕ್ಟರು ಹಸ್ತಪ್ರತಿಯನ್ನು ಓದದೆ ಅಚ್ಚಿಗೆ ಕಳಿಸಿದರು. ಹೊನ್ನಾವರದಲ್ಲಿ ತರಬೇತಿ ಶುರುವಾದ ದಿನ ನನಗೊಂದು ಶಾಲು ಹೊದಿಸಿದರು. ಎದುರಿಗೆ ಕುಮಟೆ, ಹೊನ್ನಾವರ, ಭಟ್ಕಳ ಮೂರೂ ತಾಲೂಕುಗಳ ಸೂಲಗಿತ್ತಿಯರು ಕೂತಿದ್ದರು. ಮೊದಲ ಸಾಲಿನಲ್ಲಿದ್ದ ತದಡಿಯ ಒಬ್ಬಾಕೆ, ನಾಲ್ಕನೆಯ ಇಯತ್ತೆ ಕಲಿತವಳಂತೆ, ಪುಸ್ತಕದ ಮೇಲೆ ಬೆರಳಿಟ್ಟು ತುಟಿಯಲ್ಲೇ ಅಕ್ಷರ ಕೂಡಿಸುತ್ತಿದ್ದಳು. ವಯಸ್ಸು ಐವತ್ತು ದಾಟಿರಬೇಕು. ನನ್ನ ಕನ್ನಡವನ್ನು ಅಷ್ಟು ಶ್ರದ್ಧೆಯಿಂದ ಯಾವ ವಿದ್ಯಾರ್ಥಿಯೂ ಓದಿದ್ದಿಲ್ಲ ಎಂದು ಹಿಗ್ಗಿದ್ದೆ.

ಮುಂದಿನ ಮಳೆಗಾಲ ಮುಗಿದ ಮೇಲೆ ಡಾಕ್ಟರು ಹೇಳಿಕಳಿಸಿದರು. ಆಸ್ಪತ್ರೆಗೆ ಹೋದಾಗ ಅವರ ಕೋಣೆಯಲ್ಲಿ ಅದೇ ಸೂಲಗಿತ್ತಿ ನಿಂತಿದ್ದಳು. ತದಡಿಯಲ್ಲಿ ಅವಳು ಹೆರಿಗೆ ಮಾಡಿಸಿದ್ದ ಒಬ್ಬ ಹೆಂಗಸು, ಬೋಟಿಗೆ ಹೋಗುವವನ ಹೆಂಡತಿ, ಹಿಂದಿನ ದಿನ ತೀರಿಕೊಂಡಿದ್ದಳು. ಕೂಸಿನ ಬೆನ್ನಿಗೆ ಬೀಳುವ ಮಾಸಿನ ಜೊತೆ ಹೊರಬರಬೇಕಿದ್ದ ಪೊರೆಯ ಒಂದು ಚೂರು ಒಳಗೇ ಉಳಿದು ನಂಜಾಗಿತ್ತು. ಮೂರನೆಯ ದಿನ ಜ್ವರ ಬಂದಿತ್ತು. ಇಲ್ಲಿಗೆ ತರುವ ಹೊತ್ತಿಗೆ ಮಾತು ನಿಂತಿತ್ತು. ಕೂಸು ಬದುಕಿತ್ತು.

“ಮಾಸು ಬಿದ್ದ ಮೇಲೆ ಪೊರೆ ಪೂರ್ತಿ ಬಂದಿದೆಯಾ ಅಂತ ನೋಡಬೇಕು ಅಂತ ಪುಸ್ತಕದಲ್ಲಿಲ್ಲವಾ?” ಡಾಕ್ಟರು ಗದರಿದರು.

ಅವಳು ಕೈಚೀಲದಿಂದ ಪುಸ್ತಕ ತೆಗೆದು, ಪುಟ ಬಿಡಿಸಿ, ಒಂದು ಸಾಲನ್ನು ಗಟ್ಟಿಯಾಗಿ ಓದಿದಳು. “ಮಾಸು ಬಿದ್ದ ಮೇಲೆ ಆವರಣವು ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಕೊರತೆ ಕಂಡಲ್ಲಿ ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು.”

ಓದಿ ತಲೆ ಎತ್ತಿದಳು. “ನಾ ನೋಡಿದ್ನಲ್ರಾ. ಅಂಗಳ ಗುಡ್ಸಿ, ಸೆಗಣಿ ಹಾಕಿ ಸಾರ್ಸಿದೆ. ಬಾವಿಕಟ್ಟೆನೂ ತೊಳ್ದೆ. ಎಂತ ಕೊರತೆನೂ ಇರ್ಲಿಲ್ಲ.”

ಶಾಲೆಯ ಆವರಣ, ಆಸ್ಪತ್ರೆಯ ಆವರಣ. ಅವಳಿಗೆ ಗೊತ್ತಿದ್ದ ಆವರಣ ಅದೊಂದೇ. ನನಗೂ ದಿನಾ ಬಾಯಲ್ಲಿ ಬರುತ್ತಿದ್ದದ್ದು ಅದೇ ಅರ್ಥದಲ್ಲಿ.

“ತರಬೇತಿಗೆ ಮೊದಲು ಪೊರೆಯನ್ನು ನೋಡುತ್ತಿರಲಿಲ್ಲವಾ?” ಎಂದು ನಾನೇ ಕೇಳಿದೆ. ಇಲ್ಲ ಎಂದುಬಿಡಲಿ ಎಂಬ ಆಸೆಯಿತ್ತು.

“ನೋಡ್ತಿದ್ನಲ್ರಾ ಮಾಸ್ತರ್ರೇ. ನಮ್ಮ ಅತ್ತೆ ಕಲಿಸಿದ್ದು. ಚೀಲನ ನೀರಲ್ಲಿ ಬಿಡ್ಸಿ, ಹರ್ದ್ಹೋಗಿದ್ಯಾ ನೋಡೂದು. ತರಬೇತಿಲಿ ಹಳೇದೆಲ್ಲ ಬಿಡಿ, ಪುಸ್ತಕ್ದಲ್ಲಿ ಇದ್ದಂಗೆ ಮಾಡಿ ಅಂದ್ರು.”

ಡಾಕ್ಟರು ನನ್ನ ಮುಖ ನೋಡಿದರು. ತಪ್ಪು ನನ್ನದು ಎನ್ನಲು ಒಂದು ಕ್ಷಣ ಸಾಕಿತ್ತು. ನಾನು ಕಿಟಕಿಯ ಕಡೆ ತಿರುಗಿದೆ. ಅವರು ತಾವು ಓದದ ಪುಸ್ತಕವನ್ನು ಮುಚ್ಚಿ, ಅವಳ ತರಬೇತಿ ಕಾರ್ಡನ್ನೂ ಕತ್ತರಿ, ದಾರಗಳಿದ್ದ ಪೆಟ್ಟಿಗೆಯನ್ನೂ ವಾಪಸು ಪಡೆದರು. ಅವಳ ನಿರ್ಲಕ್ಷ್ಯ ಎಂದು ವರದಿಯಾಯಿತು. ಅದನ್ನು ತಿದ್ದಿ ಒಳ್ಳೆಯ ಕನ್ನಡಕ್ಕೆ ತಂದವನೂ ನಾನೇ.

ಆಮೇಲೆ ಎರಡು ರವಿವಾರ ಬಸ್ಸು ಹಿಡಿದು ಹೊನ್ನಾವರಕ್ಕೂ ಭಟ್ಕಳಕ್ಕೂ ಹೋದೆ. ಸಿಕ್ಕ ಪ್ರತಿಗಳಲ್ಲೆಲ್ಲ ‘ಆವರಣ’ ಹೊಡೆದು ‘ನೀರಿನ ಚೀಲ’ ಎಂದು ಬರೆದೆ. ಭಟ್ಕಳದ ನರ್ಸಬಾಯಿ ತನ್ನ ಪ್ರತಿಯನ್ನು ಕಪಾಟಿನಿಂದ ತೆಗೆದುಕೊಟ್ಟಳು. ಮಡಿಕೆಯೂ ಬಿದ್ದಿರಲಿಲ್ಲ.

“ನಾ ಇದ್ನ ಓದೂದೇ ಇಲ್ಲ ಮಾಸ್ತರ್ರೇ. ಇಲ್ಲಿಯ ಹೆಂಗಸರಿಗೆ ಅವರ ನವಾಯತಿ ಮಾತಲ್ಲೇ ಹೇಳ್ತೆ, ಕೈಯಲ್ಲಿ ಹಿಡ್ದು ತೋರಿಸ್ತೆ” ಎಂದು ನಕ್ಕಳು. ಓದದವರ ಕೈಯಲ್ಲಿ ಯಾರೂ ಸತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ಎರಡನೆಯ ಮುದ್ರಣವಾಯಿತು. ನನ್ನ ತಿದ್ದುಪಡಿಗಳನ್ನು ಆರೋಗ್ಯ ಇಲಾಖೆಗೆ ಮುಂಚೆಯೇ ಅಂಚೆಯಲ್ಲಿ ಕಳಿಸಿದ್ದೆ. ಬೇರೆ ಊರಿನ ಪಂಡಿತರ ಸಮಿತಿಯೊಂದು ಅವನ್ನು ಗ್ರಾಮ್ಯವೆಂದು ಬಿಟ್ಟು, ‘ಪೊರೆ’ ಇದ್ದಲ್ಲಿ ‘ಭ್ರೂಣಪಟಲ’ ಎಂದು ಹಾಕಿತ್ತು. ‘ಆವರಣ’ವೂ ಸೇರಿ ಉಳಿದ ಎರಡು ಶಬ್ದಗಳು ಇದ್ದಲ್ಲೇ ಇದ್ದವು.

ಅದೇ ವರ್ಷ ಅಘನಾಶಿನಿ ಹೊಳೆ ದಾಟುವ ದೋಣಿಯಲ್ಲಿ ಆ ಸೂಲಗಿತ್ತಿ ಸಿಕ್ಕಳು. ಮೀನಿನ ಬುಟ್ಟಿ ಕಾಲ ಬಳಿ ಇತ್ತು. ಗುರುತು ಹಿಡಿದು ಅವಳೇ ಮಾತಾಡಿಸಿದಳು.

“ಮಾಸ್ತರ್ರೇ, ನನ್ನ ಕಾರ್ಡು ವಾಪಸು ಕೊಡ್ಸೂಕೆ ಆಗ್ತದ್ಯಾ? ಕಾರ್ಡಿಲ್ಲ ಹೇಳಿ ಯಾರೂ ಕರೀತಿಲ್ಲ. ಡಾಕ್ಟರಿಗೆ ಒಂದು ಮಾತು ಹೇಳಿ.”

“ತಪ್ಪು ನಿನ್ನದಲ್ಲ. ಪುಸ್ತಕ ಬರೆದವನು ನಾನು” ಎಂದೆ.

“ಅದು ಗೊತ್ತುಂಟಲ್ರಾ. ಶಾಲು ಹೊದ್ಸಿದ ದಿನ ನಾ ಅಲ್ಲೇ ಇದ್ದೆ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಡಾಕ್ಟರು ವರ್ಗವಾಗಿ ಹೋಗಿ ಎಷ್ಟೋ ವರ್ಷವಾಗಿತ್ತು. ನಡೆದದ್ದನ್ನೆಲ್ಲ ಬರೆದು, ತಪ್ಪು ನನ್ನದೆಂದು ಒಪ್ಪಿ, ಆರೋಗ್ಯ ಇಲಾಖೆಯ ಕಚೇರಿಗೆ ಅರ್ಜಿ ಹಾಕಿದೆ. ಆ ಹೆಸರಿನ ಸೂಲಗಿತ್ತಿ ದಾಖಲೆಯಲ್ಲಿಲ್ಲ ಎಂದು ಉತ್ತರ ಬಂತು. ಅದನ್ನು ಓದಿ ಹೇಳಲು ತದಡಿಗೆ ಹೋಗಬೇಕಿತ್ತು. ನಾನು ಹೋಗಲಿಲ್ಲ.