ಕಲಾವತಿ ಕರೆಯಬಲ್ಲ ಹೆಸರು

ಕಲಾವತಿಗೆ ತನ್ನ ಹೆಸರೇ ಮೊದಲ ಶತ್ರು. ‘ಕ’ ಎನ್ನಹೊರಟರೆ ಸಾಕು, ಗಂಟಲಿಗೆ ಬೀಗ ಬೀಳುತ್ತಿತ್ತು. ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು ಹೆಸರು ಕೇಳಿದಾಗ ‘ಕ, ಕ, ಕ’ ಎನ್ನುತ್ತ ನಿಂತೇ ಇದ್ದಳು. “ಯಾಕವಾ, ನಿಮ್ಮಪ್ಪ ಅರ್ಧಾ ಹೆಸರಷ್ಟ ಇಟ್ಟಾನೇನು?” ಎಂದರು ಅವರು. ಇಡೀ ತರಗತಿ ನಕ್ಕಿತು.

ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಹೆಗ್ಗನಹಳ್ಳಿಗೆ ಬಂದು ಗಾರ್ಮೆಂಟ್ಸ್ ಸೇರಿದ ಮೇಲೂ ನಗುವವರೇನೂ ಕಡಿಮೆಯಾಗಲಿಲ್ಲ. ಹೋಟೆಲಿನಲ್ಲಿ ಪೂರಿ ತಿನ್ನುವ ಆಸೆಯಾದರೂ ಬಾಯಿಗೆ ಸಲೀಸಾಗಿ ಬರುವ ಇಡ್ಲಿಯನ್ನೇ ಕೇಳಿ ತಿನ್ನುತ್ತಿದ್ದಳು. ಗಂಡ ರುದ್ರೇಶ ಬೈಕಿನಲ್ಲಿ ಡೆಲಿವರಿ ಮಾಡುವವನು, ಒಳ್ಳೆಯವನೇ. ಆದರೆ ಅವಳ ಮಾತು ತಡವರಿಸಿದ ಕೂಡಲೇ ಉಳಿದದ್ದನ್ನು ತಾನೇ ಹೇಳಿ ಮುಗಿಸುತ್ತಿದ್ದ, ಅದೂ ಎಷ್ಟೋ ಸಲ ತಪ್ಪಾಗಿ.

ಹೊಟ್ಟೆಯಲ್ಲಿ ಮಗು ಒದೆಯತೊಡಗಿದ ಮೇಲೆ ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಒಂದೊಂದೇ ಹೆಸರನ್ನು ಅಂದು ನೋಡಿದಳು. ಉದ್ದನೆಯವು ಎಲ್ಲೋ ಒಂದು ಕಡೆ ಮುಗ್ಗರಿಸುತ್ತಿದ್ದವು. ಕೊನೆಗೆ ‘ಶ್ರೀ’ ಸಿಕ್ಕಿತು. ಒಂದೇ ಅಕ್ಷರ, ಒಂದೇ ಉಸಿರು. ಗಂಡಾದರೂ ಸರಿ, ಹೆಣ್ಣಾದರೂ ಸರಿ.

ಗಂಡು ಹುಟ್ಟಿತು. ತೊಟ್ಟಿಲ ಶಾಸ್ತ್ರಕ್ಕೆಂದು ಅತ್ತೆ ಹನುಮವ್ವ, ಮಾವ ಗೂಳಪ್ಪ ಊರಿನಿಂದ ಬಂದರು.

“ಶ್ರೀ ಅಂತ ಲಗ್ನಪತ್ರದಾಗ ಹೆಸರಿನ ಮುಂದ ಹಾಕ್ತಾರ. ಇದರಾಗ ಹೆಸರೆಲ್ಲೈತಿ?” ಎಂದ ಗೂಳಪ್ಪ. “ನಮ್ಮಪ್ಪನ ಹೆಸರಿಡ್ರಿ. ಪರಮೇಶ್ವರಪ್ಪ.”

“ಮಾವಾರ, ನನಗ ಕ... ಕ... ಕರಿಯಾಕ...”

“ಕರಿಯಾಕ ಚಂದಿಲ್ಲ ಅಂತಾಳಪ್ಪಾ,” ಎಂದು ರುದ್ರೇಶ ಮುಗಿಸಿಬಿಟ್ಟ.

ಗೂಳಪ್ಪನ ಮುಖ ಕಪ್ಪಿಟ್ಟಿತು. ಕಲಾವತಿ ‘ಅಲ್ಲ, ಕರೆಯಲು ಆಗುವುದಿಲ್ಲ’ ಎನ್ನುವಷ್ಟರಲ್ಲಿ ಬಾಪೂಜಿ ನಗರದಿಂದ ಬಂದಿದ್ದ ರುದ್ರೇಶನ ಅಕ್ಕ ಸುವರ್ಣಾ ನಡುವೆ ಬಾಯಿ ಹಾಕಿದಳು: “ಕರಿಯಾಕ ನಾವೆಲ್ಲಾ ಅದೀವಲ್ಲ, ಬಿಡವಾ. ನೀ ಹಾಲು ಕುಡಿಸಿದ್ರ ಆತು.”

ಹಾಲು ಕುಡಿಸಿದರೆ ಆಯಿತು! ಒಂಬತ್ತು ತಿಂಗಳು ಹೊತ್ತವಳು ತನ್ನ ಮಗುವನ್ನು ಹೆಸರು ಹಿಡಿದು ಕೂಗದಿದ್ದರೂ ನಡೆಯುತ್ತದೆ. ಹಸುವೂ ಹಾಲು ಕೊಡುತ್ತದಲ್ಲ? ಕಲಾವತಿಯ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನಕ್ಕವರ ಮೇಲೂ ಅವಳಿಗೆ ಇಂಥ ಸಿಟ್ಟು ಬಂದಿರಲಿಲ್ಲ.

ಮರುದಿನ ಮಗುವನ್ನು ತೊಟ್ಟಿಲಿಗೆ ಹಾಕಿದರು. ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹೇಳುವಾಗ ಅವಳ ಬೆನ್ನಿಗೆ ಗುದ್ದುವುದು ಉಳಿದ ಹೆಂಗಸರ ಹಕ್ಕು. ಸುವರ್ಣಾ ಬಾಗಿದಳು. ಹೆಂಗಸರು ಮುಷ್ಟಿ ಎತ್ತಿದರು. ಕಲಾವತಿ ತೊಟ್ಟಿಲನ್ನು ಗಟ್ಟಿಯಾಗಿ ಹಿಡಿದು ತನ್ನತ್ತ ಎಳೆದುಕೊಂಡಳು.

“ನಿ... ನಿಂದರ್ರಿ ಅಕ್ಕಾ.”

“ಅಕ್ಕಾ, ಆಕಿ ಹೇಳೂದೇನಂದ್ರ...” ರುದ್ರೇಶ ಮುಂದೆ ಬಂದ.

“ನೀವು ಸು... ಸುಮ್ಕಿರ್ರಿ! ನನ್ನ ಮಾತು ನಾನ ಮು... ಮುಗಸ್ತೀನಿ.”

ರುದ್ರೇಶ ಹಿಂದೆ ಸರಿದ. ಅವಳು ಮಾವನತ್ತ ತಿರುಗಿದಳು.

“ಹೆಸರು ಚಂದ ಐತ್ರಿ. ಆದ್ರ ನನ್ನ ಬಾ... ಬಾಯಾಗ ಬರಂಗಿಲ್ಲ. ನಾಳೆ ಇವ ರೋಡಿಗೆ ಓಡತಾನ, ಗಾ... ಗಾಡಿ ಬರತೈತಿ. ನಾ ‘ಪ, ಪ, ಪ’ ಅನಕೋತ ನಿಂತಿರಲೇನು? ಆವಾಗ ಕ... ಕರಿಯಾಕ ನಿಮ್ಮೊಳಗ ಯಾರು ಇ... ಇರ್ತೀರಿ?”

ಇಷ್ಟನ್ನು ಹೇಳಿ ಮುಗಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದರೂ ಯಾರೂ ಕದಲಲಿಲ್ಲ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಕೆಂಡವಿತ್ತು.

ಮೊದಲು ಮಾತಾಡಿದವಳು ಹನುಮವ್ವ. “ಸುವರ್ಣಾ, ಏನ್ ನೋಡಾಕತ್ತಿ? ಹಡೆದಾಕಿ ಹೇಳಿದ್ದ ಹೆಸರು ಹೇಳು.”

ಸುವರ್ಣಾ ಮುಖ ಗಂಟಿಕ್ಕಿಕೊಂಡೇ ಬಾಗಿ, “ಕುರ್ರ್... ಶ್ರೀ” ಎಂದಳು. ಅಂದು ಅವಳ ಬೆನ್ನಿಗೆ ಬಿದ್ದ ಗುದ್ದುಗಳು ಶಾಸ್ತ್ರಕ್ಕಿಂತ ತುಸು ಜೋರಾಗಿಯೇ ಇದ್ದವು.

ಗೂಳಪ್ಪ ಹೋಳಿಗೆ ಮುಟ್ಟದೆ ಎದ್ದುಹೋದ. ಇವತ್ತಿಗೂ ಊರಿನಿಂದ ಫೋನು ಮಾಡಿದರೆ “ನಮ್ಮ ಪರಮೇಶಿ ಹ್ಯಾಂಗದಾನ?” ಎಂದೇ ಕೇಳುತ್ತಾನೆ. ಅದಕ್ಕೆ ಕಲಾವತಿಯ ತಕರಾರಿಲ್ಲ. ಅವನ ಬಾಯಿಗೆ ಬರುವ ಹೆಸರನ್ನು ಅವನು ಕರೆಯಲಿ.

ಊಟಕ್ಕೆ ಕೂತ ಸುವರ್ಣಾ ಮಾತ್ರ ಅಂದೇ ಕೇಳಿದ್ದಳು: “ಇಷ್ಟು ಸಣ್ಣ ಮಾತಿಗೆ ಅಷ್ಟು ಸಿಟ್ಟು ಬೇಕಿತ್ತೇನವಾ?”

“ಸ... ಸಣ್ಣದಲ್ರಿ,” ಎಂದ ಕಲಾವತಿ ತುಪ್ಪದ ಬಟ್ಟಲು ಎತ್ತಿಕೊಂಡು ಮುಂದಿನ ಎಲೆಗೆ ಹೋದಳು.